ನಮೀಬಿಯಾ ಕಡಲಿನ ಎರಡು ಬಲೆ

ಬಡವನಹಳ್ಳಿ

ನಮ್ಮದು ಮಧುಗಿರಿ ಕಡೆಯ ಬಡವನಹಳ್ಳಿಯಲ್ಲಿ ಕಡಲೇಕಾಯಿ ವ್ಯಾಪಾರದ ಮನೆ. ಲಿಂಗ ಕಟ್ಟಿಕೊಂಡವರು, ಅಡುಗೆಮನೆಯೊಳಕ್ಕೆ ಮೊಟ್ಟೆ ಕೂಡ ಬಂದದ್ದಿಲ್ಲ. ಅಂಥ ಮನೆಯ ಹುಡುಗಿ ಮೀನಿನ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದಾಗ ಊರಿನವರು ನಕ್ಕದ್ದು ಸಹಜ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕೊರಟಗೆರೆಯಲ್ಲಿ ಪಿಯುಸಿ, ತುಮಕೂರಿನಲ್ಲಿ ಮುಂದಿನ ಓದು, ಆಮೇಲೆ ಕರಾವಳಿಯ ಒಂದು ಮೀನು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಆರ್ಡರ್ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: ಮೀನು ತಿನ್ನಬೇಕಾಗುತ್ತದೆಯೇ? ಇಲ್ಲ, ಎಣಿಸಿದರೆ ಸಾಕು ಎಂದೆ. ಹಾಗಾದರೆ ಹೋಗು ಎಂದರು.

ಎಷ್ಟೋ ವರ್ಷಗಳ ಮೇಲೆ ಅದೇ ಎಣಿಕೆ ನನ್ನನ್ನು ಆಫ್ರಿಕಾದ ನೈರುತ್ಯ ಕರಾವಳಿಯ ನಮೀಬಿಯಾ ದೇಶಕ್ಕೆ ಕಳಿಸಿತು. ಅಲ್ಲಿನವರು ಪ್ರತಿವರ್ಷ ತಮ್ಮ ಕಡಲಿನಲ್ಲಿ ಎಷ್ಟು ಮೀನಿದೆ ಎಂದು ಸಮೀಕ್ಷೆ ಮಾಡುತ್ತಾರೆ. ಆ ಲೆಕ್ಕದ ಮೇಲೆ ಮುಂದಿನ ವರ್ಷ ಎಷ್ಟು ಹಿಡಿಯಬಹುದು ಎಂಬ ಸಲಹೆ ಸರ್ಕಾರಕ್ಕೆ ಹೋಗುತ್ತದೆ. ನಮ್ಮ ಕಡೆಯಿಂದ ಒಬ್ಬರು ಹೋಗಿ ಅವರ ಜೊತೆ ಕೆಲವು ತಿಂಗಳು ಕೆಲಸ ಮಾಡಿ ಕಲಿತು ಬರಬೇಕಿತ್ತು. ಸರದಿ ನನಗೆ ಬಂತು.

ಹೊರಡುವ ಮೊದಲು ಊರಿಗೆ ಹೋದಾಗ ದೊಡ್ಡಮ್ಮ ಕಡಲೇಕಾಯಿ ಸುಲಿಯುತ್ತ ಕೂತಿದ್ದರು. ಅವರ ತವರು ಸಿರಾ ತಾಲ್ಲೂಕಿನ ಮದಲೂರು.

“ಅಲ್ಲ ಕಣಮ್ಮ, ಮೀನ ಎಣಿಸಾಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಮದಲೂರು ಕೆರೇಲಿಲ್ವಾ ಮೀನು?” ಎಂದರು.

ಮದಲೂರು ಕೆರೆ ಬೇಸಿಗೆಯಲ್ಲಿ ಬತ್ತುತ್ತದೆ, ಕೊನೆಗೆ ಕೆಸರಿನಲ್ಲಿ ಎಷ್ಟು ಮೀನು ಉಳಿದಿತ್ತೆಂದು ಊರಿಗೆಲ್ಲ ಕಾಣುತ್ತದೆ. ಕಡಲು ಬತ್ತುವುದಿಲ್ಲವಲ್ಲ, ಅದಕ್ಕೇ ಮೇಲಿಂದಲೇ ಲೆಕ್ಕ ಹಾಕಬೇಕು ಎಂದು ವಿವರಿಸಿದೆ.

“ಕಾಣ್ದೆ ಇರಾದ ಎಣಿಸ್ತೀನಿ ಅಂದ್ರೆ ಜನ ಹೆಂಗ್ ನಂಬ್ತಾರೆ?” ಎಂದರು ದೊಡ್ಡಮ್ಮ.

ಅಪ್ಪ ಮೂಟೆಯೊಳಕ್ಕೆ ಮೊನೆಯಿರುವ ಕೊಳವೆ ಚುಚ್ಚಿ ಒಂದು ಹಿಡಿ ಕಾಯಿ ಹೊರಗೆಳೆದು, ಅದನ್ನು ನೋಡಿಯೇ ಇಡೀ ಮೂಟೆಯ ಗುಣ ಹೇಳುತ್ತಿದ್ದುದನ್ನು ಜ್ಞಾಪಿಸಿದೆ. ನನ್ನ ಕೆಲಸವೂ ಅಷ್ಟೇ, ಮೂಟೆ ಸ್ವಲ್ಪ ದೊಡ್ಡದು ಎಂದೆ. ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. ನಿಮ್ಮಪ್ಪ ನಾಕು ಕಡೆ ಚುಚ್ಚುತ್ತಿದ್ದ, ಮೇಲೆ ಒಳ್ಳೇದಿಟ್ಟು ತಳದಲ್ಲಿ ಜೊಳ್ಳು ತುಂಬುವವರೂ ಇರುತ್ತಾರೆ ಎಂದು ಹೇಳಿ, ನನ್ನ ಚೀಲಕ್ಕೆ ಹುರಿಹಿಟ್ಟು, ಚಟ್ನಿಪುಡಿ, ರಾಗಿಹಿಟ್ಟು ತುಂಬಿಸಿದರು.

ವಾಲ್ವಿಸ್ ಬೇ

ಆ ಹಿಟ್ಟುಗಳೇ ಮೊದಲು ಕೈಕೊಟ್ಟವು. ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ಬದಲಿಸುವಾಗ ನನ್ನ ಚೀಲ ತೆರೆದ ಅಧಿಕಾರಿ ರಾಗಿಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ಸಿಮೆಂಟೇ ಎಂದು ಕೇಳಿದರು. ತಿನ್ನುವ ಪದಾರ್ಥ ಎಂದೆ. ತಿಂದು ತೋರಿಸಿ ಎಂದರು. ಹಸಿ ರಾಗಿಹಿಟ್ಟನ್ನು ಬಾಯಿಗೆ ಹಾಕಿಕೊಂಡು ಪರದೇಶದ ಅಧಿಕಾರಿಯ ಎದುರು ಮುಗುಳ್ನಗುವುದು ಸುಲಭವಲ್ಲ. ಕೆಮ್ಮು ಹತ್ತಿತು. ಅವರೇ ನೀರು ತಂದುಕೊಟ್ಟರು. ರಾಗಿಯನ್ನು ಮಾತ್ರ ಬಿಡಲಿಲ್ಲ. ಹುರಿಹಿಟ್ಟೂ ಹೋಯಿತು. ಚಟ್ನಿಪುಡಿ ಹೇಗೋ ಪಾರಾಯಿತು.

ಎರಡನೆಯ ಪೆಟ್ಟು ಚಳಿಯದು. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ಕಾಟನ್ ಸೀರೆ, ತೆಳ್ಳನೆಯ ಚೂಡಿದಾರ್ ತುಂಬಿಕೊಂಡು ಹೋಗಿದ್ದೆ. ವಾಲ್ವಿಸ್ ಬೇ ಎಂಬ ಬಂದರಿನ ಊರಿನಲ್ಲಿ ಇಳಿದಾಗ ಸುತ್ತಲೂ ಮರಳುಗಾಡು, ಮೇಲೆ ದಟ್ಟ ಮಂಜು, ಮೈ ಕೊರೆಯುವ ಗಾಳಿ. ದಕ್ಷಿಣ ಧ್ರುವದ ಕಡೆಯಿಂದ ಬರುವ ತಣ್ಣನೆಯ ಪ್ರವಾಹ ಆ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಆ ಚಳಿಯಿಂದಲೇ ಅಲ್ಲಿ ಮಳೆ ಇಲ್ಲ, ಆ ಚಳಿಯಿಂದಲೇ ಅಲ್ಲಿ ಮೀನು. ಪಾವಗಡದ ಬಯಲಿನಷ್ಟು ಒಣಗಿದ ನೆಲ ನೇರವಾಗಿ ಕಡಲಿಗೆ ಇಳಿಯುವುದನ್ನು ನೋಡಿದಾಗ ನನಗೆ ಒಂದು ಕ್ಷಣ ದಿಕ್ಕು ತಪ್ಪಿದಂತಾಯಿತು. ಕಡಲೆಂದರೆ ತೆಂಗು, ಹಸಿರು, ಮಳೆ ಎಂದೇ ನಾನು ಕಲಿತಿದ್ದೆ.

ನನ್ನನ್ನು ಕರೆದೊಯ್ಯಲು ಬಂದವರು ಸಮೀಕ್ಷೆಯ ಮುಖ್ಯಸ್ಥೆ ಡಾಕ್ಟರ್ ಯೊಹಾನ್ನಾ. ಎತ್ತರದ, ನಿಧಾನ ಮಾತಿನ ಹೆಂಗಸು. ನಾನು ಕೈಕುಲುಕಿದ ತಕ್ಷಣ ಹಡಗು ಯಾವಾಗ ಹೊರಡುತ್ತದೆ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ನಿದ್ದೆ ಆಯಿತೇ, ಮನೆಯವರು ಚೆನ್ನಾಗಿದ್ದಾರೆಯೇ, ಊರಲ್ಲಿ ಮಳೆ ಹೇಗೆ ಎಂದು ಒಂದೊಂದಾಗಿ ವಿಚಾರಿಸಿ, ನಾನೂ ಅವರನ್ನು ಅದೇ ರೀತಿ ವಿಚಾರಿಸುವವರೆಗೆ ಕಾದು, ಆಮೇಲೆ ಹಡಗಿನ ಮಾತು ತೆಗೆದರು. ಅಲ್ಲಿ ಅಂಗಡಿಗೆ ಹೋದರೂ ಹಾಗೆಯೇ. ಮೊದಲು ಕ್ಷೇಮ ಕೇಳಬೇಕು, ಆಮೇಲೆ ಬ್ರೆಡ್ಡು ಕೇಳಬೇಕು. ನೇರವಾಗಿ ಬ್ರೆಡ್ಡು ಕೇಳಿದ ನನಗೆ ಅಂಗಡಿಯ ಹೆಂಗಸು ಮೊದಲ ಪಾಠವಾಗಿ ನಮಸ್ಕಾರ ಹೇಳಿಕೊಟ್ಟಳು.

ಸೆಲ್ಮಾ ಅವರ ಮನೆ

ಉಳಿಯಲು ಗೊತ್ತು ಮಾಡಿದ್ದ ವಸತಿಗೃಹದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀನು, ಮಾಂಸ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಅದು ಯೊಹಾನ್ನಾ ಅವರ ಕಿವಿಗೆ ಬಿದ್ದು, ತಮ್ಮ ಊರಿನವರೇ ಆದ ಸೆಲ್ಮಾ ಎಂಬುವರ ಮನೆಯಲ್ಲಿ ಒಂದು ಕೋಣೆ ಕೊಡಿಸಿದರು. ಸೆಲ್ಮಾ ಬಂದರಿನ ಮೀನು ಕಾರ್ಖಾನೆಯಲ್ಲಿ ಮೀನು ಸೀಳುವ ಹೆಂಗಸರ ಸಾಲಿನಲ್ಲಿ ಕೆಲಸ ಮಾಡುತ್ತಿದ್ದರು, ಕಾರ್ಮಿಕರ ಸಂಘದ ಪ್ರತಿನಿಧಿಯೂ ಹೌದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮಗಳು ರಾಜಧಾನಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಅಲ್ಲಿ ಹಿರಿಯ ಹೆಂಗಸರನ್ನು ‘ಮೇಮೆ’ ಎಂದು ಕರೆಯುತ್ತಾರೆ, ಗಂಡಸರನ್ನು ‘ತಾತೆ’ ಎಂದು. ಅಮ್ಮ, ಅಪ್ಪ ಎಂದ ಹಾಗೆ. ನನ್ನ ಬಾಯಲ್ಲಿ ತಾತೆ ಹೋಗಿ ಹೋಗಿ ತಾತ ಆಗುತ್ತಿತ್ತು, ಯಾರಿಗೂ ಬೇಸರವಾಗಲಿಲ್ಲ.

ಮೊದಲ ದಿನವೇ ಮೇಮೆ ಸೆಲ್ಮಾ ನನ್ನ ಮುಂದೆ ಒಂದು ತಟ್ಟೆ ಇಟ್ಟರು. ಬೂದು ಬಣ್ಣದ ಮುದ್ದೆ, ಪಕ್ಕದಲ್ಲಿ ಸೊಪ್ಪು. ಮುರಿದು ಬಾಯಿಗಿಟ್ಟರೆ ಸಜ್ಜೆ! ಆ ದೇಶದ ಉತ್ತರದ ಹಳ್ಳಿಗಳಲ್ಲಿ ಸಜ್ಜೆಯೇ ಮುಖ್ಯ ಬೆಳೆಯಂತೆ. ಕಾಡು ಸೊಪ್ಪನ್ನು ಬೇಯಿಸಿ ಬಿಲ್ಲೆ ತಟ್ಟಿ ಒಣಗಿಸಿ ಇಡುತ್ತಾರೆ. ಬೇಕಾದಾಗ ನೆನೆಸಿ ಸಾರು ಮಾಡುತ್ತಾರೆ. ಹುರಿದ ಕಡಲೇಕಾಯಿಯೂ ಇತ್ತು. ನಾನು ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಂಡು ಮೇಮೆ ಬೆರಗಾದರು. ಅಲ್ಲಿಯೂ ಅಗಿಯುವುದಿಲ್ಲವಂತೆ, ಹಿಟ್ಟಿನಲ್ಲಿ ಒಂದಿಷ್ಟು ಮರಳು ಸೇರಿರುತ್ತದೆ, ಅಗಿದರೆ ಹಲ್ಲು ಹೋಗುತ್ತದೆ. ನಮ್ಮಲ್ಲಿ ಮರಳಿಲ್ಲದಿದ್ದರೂ ನುಂಗುತ್ತೇವೆ ಎಂದೆ. ಹಾಗಾದರೆ ಹೊರಗಿನವಳಲ್ಲ ಎಂದು ತೀರ್ಪು ಕೊಟ್ಟು ಇನ್ನೊಂದು ಮುದ್ದೆ ಹಾಕಿದರು.

ಅವರ ಅಣ್ಣ ತಾತೆ ಎಲಿಯಾಸ್ ಭಾನುವಾರಗಳಲ್ಲಿ ಊಟಕ್ಕೆ ಬರುತ್ತಿದ್ದರು. ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಟ್ರಾಲರ್ ಒಂದರ ಕ್ಯಾಪ್ಟನ್. ಡೆಕ್ ತೊಳೆಯುವ ಕೆಲಸದಿಂದ ಶುರುಮಾಡಿ ಮೇಲೆ ಬಂದವರು. ನಾನು ಸಮೀಕ್ಷೆಗೆ ಬಂದವಳೆಂದು ತಿಳಿದ ಕೂಡಲೇ ಅವರ ಮುಖ ಬಿಗಿಯಿತು. ನೀವು ವರ್ಷಕ್ಕೊಮ್ಮೆ ಕಡಲಿಗೆ ಬರುತ್ತೀರಿ, ನಾನು ವರ್ಷವೆಲ್ಲ ಅಲ್ಲಿರುತ್ತೇನೆ ಎಂದಷ್ಟೇ ಹೇಳಿ ಊಟ ಮುಂದುವರಿಸಿದರು.

ಹಡಗು

ಸಮೀಕ್ಷೆಯ ಹಡಗಿನಲ್ಲಿ ಮೊದಲ ಮೂರು ದಿನ ನಾನು ಯಾವ ಮೀನನ್ನೂ ಎಣಿಸಲಿಲ್ಲ. ಬಕೆಟ್ಟು ತಬ್ಬಿಕೊಂಡು ಮಲಗಿದ್ದೆ. ಸಿರಾದಿಂದ ಪಾವಗಡಕ್ಕೆ ಹೋಗುವ ಹಳೆಯ ಬಸ್ಸಿನಲ್ಲೂ ಎಂದೂ ವಾಂತಿ ಮಾಡದವಳು ಎಂಬ ನನ್ನ ಜಂಬ ಮುರಿಯಿತು. ಅಡುಗೆಯವರು ಒಣ ಬಿಸ್ಕತ್ತು ಕೊಟ್ಟು, ಕಣ್ಣನ್ನು ಬಾನಂಚಿನಿಂದ ತೆಗೆಯಬೇಡ ಎಂದರು. ನಾಲ್ಕನೆಯ ದಿನ ಎದ್ದು ನಿಂತೆ.

ಅಲ್ಲಿ ನಾವು ಹಿಡಿಯುತ್ತಿದ್ದದ್ದು ಹೇಕ್ ಎಂಬ ಬೆಳ್ಳಿ ಬಣ್ಣದ ಮೀನು. ಕಡಲಿನ ಆಳದಲ್ಲಿ ಇರುತ್ತದೆ, ಕತ್ತಲಾದರೆ ಮೇಲಕ್ಕೆ ಏಳುತ್ತದೆ, ಆದ್ದರಿಂದ ನಮ್ಮ ಬಲೆ ಹಗಲಿನಲ್ಲೇ ಇಳಿಯಬೇಕು. ಎಲ್ಲಿ ಇಳಿಸಬೇಕು ಎಂಬುದು ಮೊದಲೇ ಗೊತ್ತುಮಾಡಿದ್ದು. ಮೀನು ಹೆಚ್ಚು ಸಿಗುವ ಕಡೆಗೆ ಹೋಗುವ ಹಾಗಿಲ್ಲ. ಇದ್ದ ಕಡೆ, ಇಲ್ಲದ ಕಡೆ ಎರಡೂ ನೋಡಬೇಕು. ಮೂಟೆಯ ನಾಲ್ಕು ಕಡೆ ಚುಚ್ಚಬೇಕೆಂಬ ದೊಡ್ಡಮ್ಮನ ಮಾತೇ ಅದು. ಬಲೆ ಮೇಲೆ ಬಂದರೆ ಪ್ರತಿ ಮೀನನ್ನೂ ಅಳೆಯಬೇಕು, ಕೆಲವನ್ನು ಸೀಳಿ ಹೆಣ್ಣೋ ಗಂಡೋ ನೋಡಬೇಕು, ತಲೆಯೊಳಗಿನ ಕಿವಿಕಲ್ಲು ತೆಗೆಯಬೇಕು. ಭತ್ತದ ಕಾಳಿಗಿಂತ ದೊಡ್ಡದಾದ ಆ ಬಿಳಿಯ ಚೂರನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದ ಹಾಗೆ ಉಂಗುರಗಳು ಕಾಣುತ್ತವೆ. ಅದು ಮೀನಿನ ವಯಸ್ಸು.

ಮೊದಲ ಸಲ ಮೀನು ಸೀಳುವಾಗ ನನ್ನ ಕೈ ತಡೆಯಿತು. ನಮ್ಮ ಕರಾವಳಿಯ ಕೇಂದ್ರದಲ್ಲಿ ನಾನು ಅಂಕಿಗಳನ್ನಷ್ಟೇ ಮುಟ್ಟುತ್ತಿದ್ದೆ. ಯೊಹಾನ್ನಾ ಗಮನಿಸಿ, ಬೇಡದಿದ್ದರೆ ಅಳೆಯುವ ಕೆಲಸ ಮಾಡು ಎಂದರು. ನಾನು ಒಂದು ಗಳಿಗೆ ನಿಂತು ಯೋಚಿಸಿ ಚಾಕು ಹಿಡಿದೆ. ಈ ಒಂದು ಮೀನು ಹೇಳುವುದನ್ನು ಕೇಳಿದರೆ ಸಾವಿರಾರು ಮೀನು ಉಳಿಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಲಿಂಗಪೂಜೆಯನ್ನು ಬೆಳಿಗ್ಗೆ ಕ್ಯಾಬಿನ್ನಿನಲ್ಲಿ, ತೂಗಾಡುತ್ತಲೇ ಮಾಡಿ ಮುಗಿಸುತ್ತಿದ್ದೆ.

ದಿನ ಕಳೆದ ಹಾಗೆ ಅಳತೆಯ ಮೇಜಿನ ಸುತ್ತ ಮಾತು ಕಡಿಮೆಯಾಯಿತು. ದೊಡ್ಡ ಮೀನು ಇತ್ತು. ಮರಿಗಳು ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಕೈತುಂಬ ಸಿಗುತ್ತಿದ್ದ ಒಂದು ವರ್ಷದ, ಎರಡು ವರ್ಷದ ಮೀನು ಈ ಸಲ ಬುಟ್ಟಿಯ ತಳವನ್ನೂ ಮುಚ್ಚಲಿಲ್ಲ. ತಪ್ಪು ನಮ್ಮದಿರಬಹುದೇ ಎಂದು ಯೊಹಾನ್ನಾ ಬಲೆಯನ್ನು ಬಿಡಿಸಿ ನೋಡಿಸಿದರು. ಬಲೆ ಸರಿಯಾಗಿತ್ತು.

ಪಾವಗಡದ ಓಬಳೇಶ

ದಡಕ್ಕೆ ಮರಳಿದ ಮೇಲೆ ಲೆಕ್ಕದ ಕೆಲಸ. ಅದೇ ವಾರ ಬಂದರಿನ ರಸ್ತೆಯಲ್ಲಿ ಯಾರೋ ಫೋನಿನಲ್ಲಿ ಜೋರಾಗಿ “ಏಮಪ್ಪಾ, ಮಳೆ ಬಂತಾ?” ಎನ್ನುವುದು ಕೇಳಿ ನಿಂತುಬಿಟ್ಟೆ. ಓಬಳೇಶ, ಪಾವಗಡದ ಕಡೆಯವನು. ಊರಿನ ಸೋಲಾರ್ ಪ್ಲಾಂಟಿನಲ್ಲಿ ಕಲಿತ ಕೆಲಸ ಅವನನ್ನು ಇಲ್ಲಿಗೆ ತಂದಿತ್ತು. ಮೀನು ಕಾರ್ಖಾನೆಯ ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸುತ್ತಿದ್ದ. ಬಡವನಹಳ್ಳಿ ಎಂದ ಕೂಡಲೇ ಅಕ್ಕಾ ಎಂದು ಕರೆದು, ತನ್ನ ಕೋಣೆಯಲ್ಲಿದ್ದ ಹುಣಸೆಹಣ್ಣು, ಮೆಣಸಿನಪುಡಿ ತಂದುಕೊಟ್ಟ.

ನನ್ನ ಕೆಲಸ ಏನೆಂದು ಕೇಳಿದ. ಹೇಳಿದೆ.

“ನಮ್ಮೂರ್ ಬೋರ್ ಇದ್ದಂಗಲ್ಲೇನಕ್ಕ? ನೀರೆಷ್ಟೈತೆ ಅಂತ ಯಾರ್ ಕಂಡವ್ರೆ? ಪಕ್ಕದೋನು ಆರ್ನೂರು ಅಡಿ ಹೊಡೆಸ್ದ ಅಂತ ನಾವು ಎಂಟ್ನೂರು ಹೊಡೆಸಾದು. ಕೊನೀಗೆ ಎಲ್ಲಾರ್ದೂ ಬತ್ತೋಗ್ತೈತೆ, ಅಷ್ಟೇ.”

ಹೌದು, ಆದರೆ ಇಲ್ಲಿ ಮೊದಲೇ ನೋಡಿ ಹೇಳುವವರಿದ್ದಾರೆ ಎಂದೆ. ಹೇಳಿದರೆ ಕೇಳುತ್ತಾರಾ ಎಂದ. ಕಾರ್ಖಾನೆಯಲ್ಲಿ ಆಗಲೇ ಸುದ್ದಿ ಹಬ್ಬಿದೆ, ಮೀನು ಹಿಡಿಯುವ ಮಿತಿ ಇಳಿಸಿದರೆ ಒಂದು ಪಾಳಿ ನಿಲ್ಲುತ್ತದೆಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದಾರೆ ಎಂದೂ ಅವನೇ ತಿಳಿಸಿದ.

ಆ ಸಂಜೆ ಮೇಮೆ ಸೆಲ್ಮಾ ಊಟಕ್ಕೆ ಬಡಿಸಿ, ಎದುರಿಗೆ ಕೂತು, ತಮ್ಮ ತಟ್ಟೆಯನ್ನು ಮುಟ್ಟದೆ ನನ್ನನ್ನೇ ನೋಡಿದರು.

“ಗಿರಿಜಾ, ಮೀನು ಇದೆಯೋ ಇಲ್ಲವೋ?”

ಸಲಹಾ ಮಂಡಳಿಯ ಮುಂದೆ ಇಡುವವರೆಗೆ ಲೆಕ್ಕವನ್ನು ಯಾರಿಗೂ ಹೇಳಬಾರದು ಎಂಬುದು ನಿಯಮ. ಮುಂಚೆ ತಿಳಿದವರು ಲಾಭ ಮಾಡಿಕೊಳ್ಳಬಾರದು ಎಂಬ ಒಳ್ಳೆಯ ನಿಯಮ. ಆದರೆ ನಾನು ತಿನ್ನುತ್ತಿದ್ದದ್ದು ಅವರ ಮನೆಯ ಮುದ್ದೆ. ಹೇಳುವ ಹಾಗಿಲ್ಲ ಮೇಮೆ ಎಂದೆ. ನನ್ನ ಮುಖ ಎಷ್ಟು ಹೇಳಿತೋ ಕಾಣೆ. ಅವರು ಕೋಪಿಸಿಕೊಳ್ಳಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿ, ಗಾಳಿ ಜೋರಾಗಿದೆ ಎಂದರು. ಮರುದಿನವೂ ಎಂದಿನಂತೆ ಬಡಿಸಿದರು, ಆದರೆ ಎದುರಿಗೆ ಕೂರಲಿಲ್ಲ.

ಸಭೆ

ಸಲಹಾ ಮಂಡಳಿಯ ಸಭೆ ನಡೆದದ್ದು ಬಂದರಿನ ಹತ್ತಿರದ ಒಂದು ಹಾಲ್‌ನಲ್ಲಿ. ಹಡಗಿನ ಕಂಪನಿಗಳವರು, ಕ್ಯಾಪ್ಟನ್‌ಗಳು, ಕಾರ್ಮಿಕರ ಪ್ರತಿನಿಧಿಗಳು, ಸರ್ಕಾರದವರು. ನಮ್ಮಲ್ಲಿ ಇಂಥ ಸಭೆಗಳಲ್ಲಿ ಮುಂದಿನ ಸಾಲು ಭಾಷಣಕ್ಕೆ, ಹಿಂದಿನ ಸಾಲು ನಿದ್ದೆಗೆ. ಅಲ್ಲಿ ಯಾರೂ ಮಲಗಲಿಲ್ಲ.

ಯೊಹಾನ್ನಾ ಸುಲಭವಾದ ಮಾತಿನಲ್ಲಿ ವಿವರಿಸಿದರು. ಈಗ ದೊಡ್ಡ ಮೀನು ಇದೆ. ಅದರ ಹಿಂದೆ ಬರಬೇಕಾದ ಮರಿಗಳು ಇಲ್ಲ. ಇದೇ ಪ್ರಮಾಣದಲ್ಲಿ ಹಿಡಿಯುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಮೊಟ್ಟೆಯಿಡುವ ಮೀನೇ ಉಳಿಯುವುದಿಲ್ಲ. ಆದ್ದರಿಂದ ಮುಂದಿನ ವರ್ಷದ ಮಿತಿಯನ್ನು ಇಳಿಸಬೇಕು. ನಮ್ಮ ಲೆಕ್ಕ ಎಷ್ಟರ ಮಟ್ಟಿಗೆ ಖಚಿತ, ಎಲ್ಲಿ ಅನುಮಾನವಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಆ ಪ್ರಾಮಾಣಿಕತೆಯೇ ಅವರಿಗೆ ಮುಳ್ಳಾಯಿತು. ನಿಮಗೇ ಅನುಮಾನವಿರುವಾಗ ನಮ್ಮ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ ಎಂದು ಯಾರೋ ಕೂಗಿದರು.

ತಾತೆ ಎಲಿಯಾಸ್ ಎದ್ದು ನಿಂತರು. ತಮ್ಮ ಹಡಗು ಈ ವರ್ಷದಷ್ಟು ಚೆನ್ನಾಗಿ ಎಂದೂ ಹಿಡಿದಿಲ್ಲ, ಮೀನಿಲ್ಲದ ಕಡೆ ಬಲೆ ಬಿಟ್ಟು ಮೀನಿಲ್ಲ ಎನ್ನುವುದು ಯಾವ ವಿಜ್ಞಾನ ಎಂದು ಕೇಳಿದರು. ಸಭೆಯ ಅರ್ಧ ಜನ ಚಪ್ಪಾಳೆ ತಟ್ಟಿದರು. ಯೊಹಾನ್ನಾ ಮತ್ತೆ ವಿವರಿಸಲು ಹೋದರು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಆಗ ಕಾರ್ಮಿಕರ ಸಾಲಿನಿಂದ ಮೇಮೆ ಸೆಲ್ಮಾ ಎದ್ದರು. ಅಣ್ಣನನ್ನು ನೋಡದೆ, ಅಧ್ಯಕ್ಷರನ್ನು ನೋಡಿ, ಮೊದಲು ಎಲ್ಲರ ಕ್ಷೇಮ ಕೇಳಿದರು. ಜಗಳದ ನಡುವೆಯೂ ಜನ ಉತ್ತರ ಕೊಟ್ಟರು; ಕೊಡಲೇಬೇಕು. ಹಾಲ್ ತಣ್ಣಗಾಯಿತು.

ಅವರ ತಾಯಿ ಇದೇ ಊರಿನಲ್ಲಿ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದರಂತೆ. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಳಗ. ದೋಣಿ ಬಂದ ಕೂಡಲೇ ಕಾರ್ಖಾನೆ ಸೈರನ್ ಊದುತ್ತಿತ್ತು, ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಬರಬರುತ್ತ ಸೈರನ್ ಅಪರೂಪವಾಯಿತು. ಮೀನು ಉತ್ತರಕ್ಕೆ ಹೋಗಿದೆ, ಮುಂದಿನ ವರ್ಷ ಬರುತ್ತದೆ ಎಂದು ಎಲ್ಲರೂ ಹೇಳಿದರು. ತಾಯಿಯೂ ಹಾಗೇ ನಂಬಿ, ತಮ್ಮ ಹಳ್ಳಿಗೆ ಹಿಂದಿರುಗದೆ ಕಾದರು. ಆ ಮೀನು ಇಂದಿಗೂ ಮೊದಲಿನ ಹಾಗೆ ಬಂದಿಲ್ಲ. ಇದನ್ನೆಲ್ಲ ಅವರು ದನಿ ಏರಿಸದೆ ಹೇಳಿದರು.

“ನನಗೆ ವಾರಕ್ಕೆ ಮೂರು ದಿನದ ಕೆಲಸವಾದರೂ ಆದೀತು. ಕೆಲಸವೇ ಇಲ್ಲದ ಊರು ಬೇಡ. ಆದರೆ ನೀವು ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರು ಅನ್ನುತ್ತಿದ್ದೀರಿ. ನನ್ನ ಅನ್ನ ನಿಮ್ಮಿಬ್ಬರ ಜಗಳದ ನಡುವೆ ಇದೆ. ಎರಡು ಹಡಗೂ ಒಂದೇ ಜಾಗಕ್ಕೆ ಹೋಗಿ ಬಲೆ ಬಿಡಿ. ಬಂದದ್ದನ್ನು ಇಬ್ಬರೂ ನೋಡಿ.”

ಕೂರುವ ಮೊದಲು ಇನ್ನೊಂದು ಮಾತು ಸೇರಿಸಿದರು. ಮಿತಿ ಇಳಿದರೆ ಹೊರೆಯೆಲ್ಲ ಮೀನು ಸೀಳುವ ಹೆಂಗಸರ ಮೇಲೇ ಬೀಳಬಾರದು, ಹಡಗಿನ ಕಂಪನಿಗಳೂ ಹೊರಬೇಕು. ಕಂಪನಿಯವರು ಕೊರಳುಪಟ್ಟಿ ಸರಿಮಾಡಿಕೊಂಡರು. ತಂಗಿ ಎಲ್ಲರೆದುರು ಹಾಗೆ ಹೇಳಿದ ಮೇಲೆ ಎಲಿಯಾಸ್‌ಗೆ ಒಲ್ಲೆ ಎನ್ನುವುದು ಸಾಧ್ಯವಿರಲಿಲ್ಲ.

ಎರಡು ಬಲೆ

ಅರ್ಧ ಜಾಗಗಳನ್ನು ಎಲಿಯಾಸ್ ಆರಿಸುವುದು, ಅರ್ಧವನ್ನು ನಾವು. ಎರಡೂ ಹಡಗು ಒಟ್ಟಿಗೆ, ಒಂದೇ ವೇಗದಲ್ಲಿ, ಅಕ್ಕಪಕ್ಕ ಬಲೆ ಎಳೆಯುವುದು. ಮೋಸವಾಗದಿರಲೆಂದು ಯೊಹಾನ್ನಾ ಆ ಟ್ರಾಲರ್‌ಗೆ ಹೋದರು, ಎಲಿಯಾಸ್ ತಮ್ಮ ಹಡಗನ್ನು ಸಹಾಯಕನಿಗೆ ಒಪ್ಪಿಸಿ ನಮ್ಮದಕ್ಕೆ ಬಂದರು. ಗಡಿಜಗಳದಲ್ಲಿ ಎರಡು ಊರಿನವರು ಒಬ್ಬೊಬ್ಬ ಹಿರಿಯರನ್ನು ಅತ್ತಿಂದಿತ್ತ ಕಳಿಸಿಕೊಂಡ ಹಾಗಿತ್ತು.

ಮೊದಲು ಎಲಿಯಾಸ್ ಆರಿಸಿದ ಜಾಗ. ಬಲೆಗಳು ಮೇಲೆ ಬಂದಾಗ ರೇಡಿಯೋದಲ್ಲಿ ಯೊಹಾನ್ನಾ ತಮ್ಮ ಕಡೆಯ ತೂಕ ಹೇಳಿದರು. ಎಲಿಯಾಸ್ ಹಡಗಿಗೆ ನಮಗಿಂತ ಎಷ್ಟೋ ಹೆಚ್ಚು ದೊಡ್ಡ ಮೀನು ಸಿಕ್ಕಿತ್ತು. ಅಲ್ಲಿ ತಳದಲ್ಲಿ ಕಲ್ಲುಗಳಿದ್ದವು. ನಮ್ಮ ಬಲೆ ಕಲ್ಲಿನ ಮೇಲೆ ಎದ್ದು ಹಾರುತ್ತಿತ್ತು, ಅವರದು ತಳಕ್ಕೆ ಅಂಟಿ ಸಾಗುತ್ತಿತ್ತು. ಎಲಿಯಾಸ್ ನನ್ನ ಕಡೆ ನೋಡಿ ನಕ್ಕರು. ಅಂಥ ಜಾಗಗಳಲ್ಲಿ ದೊಡ್ಡ ಮೀನನ್ನು ನಾವು ಕಡಿಮೆ ಎಣಿಸಿದ್ದೇವೆ ಎಂದು ಯೊಹಾನ್ನಾ ರೇಡಿಯೋದಲ್ಲೇ ಒಪ್ಪಿಕೊಂಡರು. ಲೆಕ್ಕ ತಿದ್ದಬೇಕೆಂದು ನನಗೆ ಹೇಳಿದರು.

ನಮ್ಮ ಬಲೆಯ ತುದಿಯಲ್ಲಿ ಒಳಗಡೆ ಇನ್ನೊಂದು ಸಣ್ಣ ಕಣ್ಣಿನ ಬಲೆ ಹೊಲಿದಿರುತ್ತದೆ, ಮರಿಮೀನು ನುಸುಳಿ ಹೋಗದಿರಲೆಂದು. ವ್ಯಾಪಾರದ ಹಡಗಿನ ಬಲೆಗೆ ದೊಡ್ಡ ಕಣ್ಣೇ ಇರಬೇಕೆಂಬುದು ಕಾನೂನು. ಮರಿಗಳು ತಪ್ಪಿಸಿಕೊಂಡು ಹೋಗುತ್ತವೆ. ಆ ಒಳಬಲೆಯ ಮೀನನ್ನು ಮೇಜಿನ ಮೇಲೆ ಸುರಿದಾಗ ಎಲಿಯಾಸ್ ಕೈಗವಸು ಹಾಕಿಕೊಂಡು ನನ್ನ ಪಕ್ಕ ನಿಂತರು. ದೊಡ್ಡದು ಒಂದು ಬುಟ್ಟಿಗೆ, ನಡುವಿನದು ಒಂದಕ್ಕೆ, ಮರಿ ಒಂದಕ್ಕೆ. ಮರಿಯ ಬುಟ್ಟಿ ಖಾಲಿಯೇ ಇತ್ತು. ಎರಡನೆಯ ಜಾಗ, ಮೂರನೆಯ ಜಾಗ, ಅವರು ಆರಿಸಿದ್ದು, ನಾವು ಆರಿಸಿದ್ದು, ಎಲ್ಲ ಕಡೆಯೂ ಹಾಗೆಯೇ.

ಸಂಜೆಯಾಯಿತು. ಕೊನೆಯ ಬುಟ್ಟಿಯಲ್ಲಿ ಬೆರಳುದ್ದದ ಕೆಲವು ಮೀನು ಬಿದ್ದಿದ್ದವು. ಒಂದನ್ನು ಎಲಿಯಾಸ್ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ನನ್ನ ಬಲೆ ದೊಡ್ಡದನ್ನೇ ತರುತ್ತದೆ. ಮರಿ ಇಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದರು.

ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ಅವರು ಅಳತೆಪಟ್ಟಿಯನ್ನು ತಾವೇ ಎಳೆದುಕೊಂಡು ಉಳಿದ ಮೀನನ್ನು ಅಳೆಯತೊಡಗಿದರು, ನಾನು ಬರೆದುಕೊಂಡೆ. ಮಂಜು ಇಳಿಯುತ್ತಿತ್ತು. ಪಕ್ಕದಲ್ಲಿ ಅವರ ಹಡಗು ಮಂಕಾಗಿ ಕಾಣುತ್ತ ನಮ್ಮ ಜೊತೆಗೇ ಬರುತ್ತಿತ್ತು.

ಹೊರಡುವ ಮುನ್ನ

ಲೆಕ್ಕವನ್ನು ತಿದ್ದಿದೆವು. ದೊಡ್ಡ ಮೀನಿನ ಅಂದಾಜು ಸ್ವಲ್ಪ ಏರಿತು, ಆದ್ದರಿಂದ ಮಿತಿಯನ್ನು ಮೊದಲು ಹೇಳಿದಷ್ಟು ಇಳಿಸಬೇಕಾಗಲಿಲ್ಲ. ಆದರೂ ಇಳಿಯಿತು. ಸಚಿವರು ಸಲಹೆಯನ್ನು ಒಪ್ಪಿದ ಸುದ್ದಿ ಬಂದ ದಿನ ಕಾರ್ಖಾನೆಯಲ್ಲಿ ಒಂದು ಪಾಳಿ ನಿಂತಿತು. ಯಾರನ್ನೂ ತೆಗೆಯಲಿಲ್ಲ, ಇದ್ದ ಕೆಲಸವನ್ನೇ ಎಲ್ಲರೂ ಹಂಚಿಕೊಳ್ಳಬೇಕಾಯಿತು. ಮೇಮೆ ಸೆಲ್ಮಾಗೆ ವಾರದಲ್ಲಿ ಕೆಲವು ದಿನ ಬಿಡುವಾಯಿತು. ಬಿಡುವೆಂದರೆ ಬಿಡುವಲ್ಲ, ಮಾರುಕಟ್ಟೆಯ ಬಳಿ ಹುರಿದ ಕಡಲೇಕಾಯಿ ಮಾರಲು ಕೂತರು. ಮರಳಿನಲ್ಲಿ ಹುರಿದರೆ ಕಾಯಿ ಸೀಯುವುದಿಲ್ಲ ಎಂದು ನಾನು ಮಧುಗಿರಿಯ ರೀತಿ ತೋರಿಸಿಕೊಟ್ಟೆ. ಮರಳಿಗೇನು ಅಲ್ಲಿ ಬರವೇ?

ನಾನು ಅವರ ಕಷ್ಟಕ್ಕೆ ಕಾರಣಳಾದೆನೇ ಎಂದು ಒಂದು ದಿನ ಕೇಳಿದೆ. ಅವರು ಕಾಯಿ ಹುರಿಯುವುದನ್ನು ನಿಲ್ಲಿಸಲಿಲ್ಲ. ಜ್ವರ ಅಳೆದವರ ಮೇಲೆ ಜ್ವರದ ಸಿಟ್ಟು ತೀರಿಸಿಕೊಳ್ಳುತ್ತಾರೆಯೇ ಎಂದರು. ಆಮೇಲೆ, ನೀನು ಮೊದಲೇ ಹೇಳಬಹುದಿತ್ತು ಎಂದು ಅಂದು ಅನ್ನಿಸಿತ್ತು, ಹೇಳಿದ್ದರೆ ಸಭೆಯಲ್ಲಿ ನಾನು ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಮನೆಯಲ್ಲಿದ್ದವಳು ಹೇಳಿಕೊಟ್ಟಳು ಎನ್ನುತ್ತಿದ್ದರು ಎಂದರು. ಅವತ್ತು ಮತ್ತೆ ಎದುರು ಬದುರು ಕೂತು ಉಂಡೆವು.

ಓಬಳೇಶ ಕಾರ್ಖಾನೆಯ ಕೆಲಸ ಮುಗಿಸಿ ಬೇರೆ ಊರಿಗೆ ಹೊರಟಿದ್ದ. “ಕೇಳುದ್ರು ಅಂತಾಯ್ತಲ್ಲಕ್ಕ. ನಮ್ಮಲ್ಲೂ ಯಾರಾನ ಬೋರಿಗೆ ಇಂಗ್ ಮಾಡಿದ್ದಿದ್ರೆ” ಎಂದು ಮಾತನ್ನು ಅಲ್ಲಿಗೇ ಬಿಟ್ಟು ನಮಸ್ಕಾರ ಹೇಳಿ ಹೋದ.

ನಾನು ಹೊರಡುವ ದಿನ ಬೆಳಿಗ್ಗೆ ಅಲ್ಲಿನ ಮೀನು ಸಂಶೋಧನಾ ಕೇಂದ್ರಕ್ಕೆ ವಿದಾಯ ಹೇಳಲು ಹೋದೆ. ಮೇಮೆ ಸೆಲ್ಮಾ ವಿಮಾನ ನಿಲ್ದಾಣದವರೆಗೂ ಬರುತ್ತೇನೆಂದು ಜೊತೆಗೇ ಬಂದಿದ್ದರು. ಯೊಹಾನ್ನಾ ಅವರ ಕೋಣೆಯಲ್ಲಿ ನಿಂತು ಮಾತಾಡುತ್ತಿರುವಾಗ ರೇಡಿಯೋದಲ್ಲಿ ಕರೆ ಬಂತು. ಕಡಲಿನಿಂದ ತಾತೆ ಎಲಿಯಾಸ್.

ಅವತ್ತು ಮುಂಜಾನೆ ಅವರು ಹೊಸದೊಂದು ಕಡೆ ಬಲೆ ಬಿಟ್ಟಿದ್ದರಂತೆ. ಬಲೆ ಎಷ್ಟು ತುಂಬಿತ್ತೆಂದರೆ ಕಣ್ಣುಗಳೆಲ್ಲ ಕಟ್ಟಿಹೋಗಿ ಮರಿಗಳೂ ಸಿಕ್ಕಿಬಿದ್ದಿದ್ದವು. ರಾಶಿ ರಾಶಿ ಮರಿ. ದೊಡ್ಡ ಮೀನೂ ಬೇಕಾದಷ್ಟಿತ್ತು, ಇನ್ನೆರಡು ಸಲ ಎಳೆದಿದ್ದರೆ ಹಡಗು ತುಂಬುತ್ತಿತ್ತು. ಅವರು ಬಲೆ ಮಡಿಸಿ ಅಲ್ಲಿಂದ ಹೊರಟುಬಿಟ್ಟಿದ್ದರು. ಈಗ ಆ ಜಾಗ ಯಾವುದೆಂದು, ಅಕ್ಷಾಂಶ ರೇಖಾಂಶ ಸಮೇತ, ಎಲ್ಲರಿಗೂ ಕೇಳುವ ರೇಡಿಯೋದಲ್ಲಿ ನಿಧಾನವಾಗಿ ಹೇಳತೊಡಗಿದರು.

ಯೊಹಾನ್ನಾ ಪೆನ್ನು ಹಿಡಿದವರು ಒಮ್ಮೆ ನಿಂತರು. ಕ್ಯಾಪ್ಟನ್ ಆದವನು ತನಗೆ ಮೀನು ಸಿಗುವ ಜಾಗವನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ ಎಂದು ಅವರು ಆಮೇಲೆ ನನಗೆ ತಿಳಿಸಿದರು. ಬಾಗಿಲಲ್ಲಿದ್ದ ಮೇಮೆ ಸೆಲ್ಮಾಗೆ ಅದು ಗೊತ್ತಿತ್ತು. ಅವರು ಒಳಗೆ ಬಂದು ರೇಡಿಯೋದ ಹತ್ತಿರ ನಿಂತರು.

“ಮರಿಗಳು ಬೆಳೆಯುವವರೆಗೆ ಅಲ್ಲಿ ಯಾರೂ ಬಲೆ ಬಿಡದ ಹಾಗೆ ಸೂಚನೆ ಕಳಿಸಿ,” ಎಂದರು ಎಲಿಯಾಸ್.

ಕೇಂದ್ರದ ಹೆಸರಿನಲ್ಲಿ ಈಗಲೇ ಕಳಿಸುತ್ತೇವೆ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದರು ಯೊಹಾನ್ನಾ.

ಎಲಿಯಾಸ್ ಅವರನ್ನು ತಡೆದರು.

“ಹೆಸರು ಹಾಕಿ. ಎಲಿಯಾಸ್ ತನ್ನ ಕಣ್ಣಲ್ಲೇ ನೋಡಿದ ಅಂತ ಹೇಳಿ. ನಮ್ಮವರಿಗೆ ನಿಮ್ಮ ಲೆಕ್ಕ ಅರ್ಥವಾಗುವುದು ತಡ.”

ಯೊಹಾನ್ನಾ ಮೈಕ್ ಒತ್ತಿ ಹಾಗೆಯೇ ಹೇಳಿದರು. ನಾವು ಮೂವರೂ ರೇಡಿಯೋವನ್ನೇ ನೋಡುತ್ತ ನಿಂತೆವು. ಮೊದಲು ಒಂದು ಹಡಗಿನಿಂದ, ಆಮೇಲೆ ಇನ್ನೊಂದರಿಂದ, ಬೇರೆ ಬೇರೆ ಭಾಷೆಯ ಎಳೆತವಿದ್ದ ದನಿಗಳಲ್ಲಿ ಉತ್ತರ ಬರತೊಡಗಿತು: ಕೇಳಿಸಿತು, ಎಲಿಯಾಸ್. ಆ ಕಡೆ ಹೋಗುವುದಿಲ್ಲ.